ಏಳನೇ ಮನೆಯ ಕೆಂಪು ಗೆರೆ

ಹನ್ನೆರಡು ಮನೆಗಳ ಆ ಓಣಿಗೆ ಮಹಡಿಯ ಮೇಲಿನ ಸೋಲಾರ್ ಫಲಕಗಳೇ ಬೆಳಕು, ಗಾಳಿ ಎಲ್ಲ. ಯಾವ ಮನೆ ಎಷ್ಟು ಕರೆಂಟ್ ನುಂಗಿತೆಂದು ಅಲ್ಲೇ ವಾಸವಿದ್ದ ಎಲೆಕ್ಟ್ರಿಷಿಯನ್‌ನ ಫೋನು ಗೆರೆ ಎಳೆದು ತೋರಿಸುತ್ತಿತ್ತು. ಮೀಟರುಗಳನ್ನು ಕೂರಿಸಿ, ಫೋನಿನಲ್ಲಿ ಮನೆಗಳ ನಂಬರು ತುಂಬಿದವನೂ ಅವನೇ. ಅಂದಿನಿಂದ ಅವನಿಗೆ ಕೋಡು ಮೂಡಿತ್ತು. ತನ್ನ ಎಂಟನೇ ಮನೆಯ ಗೆರೆ ಎಲ್ಲರದಕ್ಕಿಂತ ಕೆಳಗಿದೆಯೆಂದು ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಿದ್ದ.

ಏಳನೇ ಮನೆಯ ಗೆರೆ ಮಾತ್ರ ದಿನಾ ಬೆಳಗ್ಗೆ ಕೆಂಪಾಗಿ ಮೇಲೇರುತ್ತಿತ್ತು. ಸಂಜೆಗೆ ಬ್ಯಾಟರಿ ಬರಿದಾಗಿ ಓಣಿಯೆಲ್ಲ ಗೊಣಗುತ್ತಿತ್ತು. ಏಳನೇ ಮನೆ ಟೈಲರಮ್ಮನದು. ಭಾನುವಾರ ಬೆಳಗ್ಗೆ ಎಲೆಕ್ಟ್ರಿಷಿಯನ್ ಎಲ್ಲರನ್ನೂ ಮಹಡಿಗೆ ಕರೆದು ಆ ಕೆಂಪು ಗೆರೆ ತೋರಿಸಿದ.

“ಬೆಳಗ್ಗೆ ನಾನು ಮಿಷನ್ ಮುಟ್ಟೋದೇ ಇಲ್ಲ ಅಣ್ಣ,” ಎಂದಳು ಆಕೆ.

“ಮತ್ತೆ ಫೋನು ಸುಳ್ಳು ಹೇಳುತ್ತಾ? ಅದಕ್ಕೇನು ನಿಮ್ಮ ಮೇಲೆ ಹಳೇ ದ್ವೇಷಾನಾ?”

ಎಲ್ಲರೂ ನಕ್ಕರು. ಅವನಿಗೆ ಇನ್ನಷ್ಟು ಹುರುಪು ಬಂತು. ಏಳನೇ ಮನೆಯ ಕರೆಂಟ್ ಫೋನಿನಿಂದಲೇ ತೆಗೆಯುತ್ತೇನೆಂದ.

“ಕರೆಂಟ್ ತೆಗೆದ್ರೆ ಹೊಲಿಗೆ ನಿಲ್ಲುತ್ತೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

“ಒಂದು ವಾರ ನಿಲ್ಲಲಿ, ಬುದ್ಧಿ ಬರುತ್ತೆ,” ಎಂದು ಎಲ್ಲರಿಗೂ ಕಾಣುವಂತೆ ಬೆರಳೊತ್ತಿ ಏಳನೇ ಮನೆಯ ಕರೆಂಟ್ ಕಟ್ ಮಾಡಿದ. ಆಕೆ ತಲೆ ತಗ್ಗಿಸಿ ಮೆಟ್ಟಿಲಿಳಿದಳು.

ಮರುಗಳಿಗೆಯೇ ಅವನ ಹೆಂಡತಿಯ ಫೋನು ಬಂತು. “ರೀ, ಮನೇಲಿ ಕರೆಂಟ್ ಹೋಯ್ತು. ನಿಮ್ಮ ಅಂಗಿ ಅರ್ಧ ಇಸ್ತ್ರಿ ಆಗಿತ್ತು.”

ಅವನಿಗೆ ಹೊಳೆಯಿತು: ನಂಬರು ತುಂಬುವಾಗ ಏಳು, ಎಂಟನ್ನು ಅದಲುಬದಲು ಮಾಡಿದ್ದ. ದಿನಾ ಬೆಳಗ್ಗೆ ಓಣಿಯ ಕರೆಂಟು ನುಂಗುತ್ತಿದ್ದದ್ದು ಅವನ ಗರಿಗರಿ ಅಂಗಿ. ಹೇಳಿಬಿಡಬೇಕು ಎಂದುಕೊಂಡವನು ಸುತ್ತ ನಿಂತವರ ಮುಖ ನೋಡಿ ಫೋನನ್ನು ಜೇಬಿಗಿಳಿಸಿದ. ಆಮೇಲೆ ಯಾರಿಗೂ ತಿಳಿಯದಂತೆ ಸರಿಮಾಡಿದರಾಯಿತು, ಕೆಟ್ಟ ಹೆಸರು ಟೈಲರಮ್ಮನಿಗೇ ಇರಲಿ ಎಂದಿತು ಮನಸ್ಸು. ತನ್ನದು ಅಷ್ಟು ಹೀನ ಮನಸ್ಸೆಂದು ಅವನಿಗೆ ಗೊತ್ತಾಗಿದ್ದೇ ಆಗ.

ಅಷ್ಟರಲ್ಲಿ ಟೈಲರಮ್ಮ ಏದುಸಿರು ಬಿಡುತ್ತ ಮತ್ತೆ ಮೇಲೆ ಬಂದಳು.

“ಅಣ್ಣ, ನಮ್ಮನೇಲಿ ಫ್ಯಾನ್ ಇನ್ನೂ ತಿರುಗ್ತಾ ಇದೆ. ಸರಿಯಾಗಿ ಕಟ್ ಆಗಿಲ್ಲ ಅನ್ಸುತ್ತೆ. ಆಮೇಲೆ ಕದ್ದೆ ಅನ್ಬೇಡಿ, ಈಗ್ಲೇ ನೋಡಿಬಿಡಿ.”

ಭೂಮಿ ಬಾಯಿ ಬಿಟ್ಟಿದ್ದರೆ ಅವನು ಒಳಗಿಳಿದುಬಿಡುತ್ತಿದ್ದ. ನಿಂತಿದ್ದುದು ಮಹಡಿಯ ಮೇಲೆ. ಆ ಪುಣ್ಯವೂ ಇರಲಿಲ್ಲ.

“ಸರಿಯಾಗೇ ಕಟ್ ಆಗಿದೆಯಮ್ಮ,” ಎಂದ, ಅವಳ ಮುಖ ನೋಡಲಾಗದೆ. “ನಮ್ಮನೇದು. ದಿನಾ ನುಂಗ್ತಿದ್ದಿದ್ದೂ ನಮ್ಮನೇದೇ.”

ಈ ಸಲ ಯಾರೂ ನಗಲಿಲ್ಲ. ಒಬ್ಬರಾದರೂ ನಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.