ಚಪ್ಪಟೆಯಾದ ಪುಟಗಳು

ನಲವತ್ತು ವರ್ಷ ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ನಿವೃತ್ತನಾದ ಬೈಂಡರನಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. "ಕೂತ್ರೆ ನಿಂತ್ರೆ ನನ್ನ ಸಾರಲ್ಲಿ ಉಪ್ಪು ಹುಡುಕ್ತೀರಿ, ಎಲ್ಲಾದ್ರೂ ಹೋಗಿ ಪುಣ್ಯ ಕಟ್ಕೊಳ್ಳಿ" ಎಂದು ಹೆಂಡತಿ ಗದರಿದ ಮೇಲೆ, ಕುರುಡರಿಗೆ ಬ್ರೈಲ್ ಪುಸ್ತಕ ಮಾಡಿಕೊಡುವ ಎರಡು ಕೋಣೆಯ ಕಟ್ಟಡಕ್ಕೆ ಹೋಗಿ ಸೇರಿಕೊಂಡ.

ಅಲ್ಲಿ ಟೀಚರಮ್ಮ ಇದ್ದರು. ತಂಗಿಯ ಮಗಳಿಗೆ ಕಣ್ಣು ಕಾಣದು, ಕಾನೂನು ಓದುತ್ತಿದ್ದಳು; ಅವಳಿಗಾಗಿ ಹದಿನಾಲ್ಕು ತಿಂಗಳಿಂದ ಒಂದೇ ಪುಸ್ತಕಕ್ಕೆ ಜೋತುಬಿದ್ದಿದ್ದರು. ದಪ್ಪ ಕಾಗದದ ಮೇಲೆ ಮೊಳೆಯಂಥ ಕಡ್ಡಿ ಹಿಡಿದು, ಬಲದಿಂದ ಎಡಕ್ಕೆ, ಆಚೆ ಬದಿಗೆ ಉಬ್ಬಿ ಬೆರಳಿಗೆ ಸಿಗುವಂತೆ ಒಂದೊಂದೇ ಚುಕ್ಕಿ ಒತ್ತಬೇಕು. ಮಣಿಕಟ್ಟಿಗೆ ಸದಾ ಬ್ಯಾಂಡೇಜು. ಐದು ಸಂಪುಟ, ಇದ್ದದ್ದು ಅದೊಂದೇ ಪ್ರತಿ. ಅದನ್ನು ಹೊಲಿದು ರಟ್ಟು ಹಾಕುವ ಕೆಲಸ ಬೈಂಡರನ ಪಾಲಿಗೆ ಬಂತು.

"ಚುಕ್ಕಿ ಮೇಲೆ ಭಾರ ಬೀಳಬಾರ್ದು" ಎಂದು ಮೊದಲ ದಿನವೇ ಹೇಳಿದ್ದರು.

"ಹಸುಗೂಸಿನ ಹಾಗೆ ನೋಡ್ಕೋತೀನಿ" ಎಂದಿದ್ದ ಬೈಂಡರ್.

ಹಾಗೇ ನೋಡಿಕೊಂಡ ಕೂಡ. ಆದರೆ ಕೊನೆಯ ದಿನ ಅಂಟು ಹಸಿಯಾಗಿದ್ದು ರಟ್ಟುಗಳು ಸೊಟ್ಟಗಾಗತೊಡಗಿದವು. ಬರೀ ರಟ್ಟು ಒತ್ತಲೆಂದು ಇಟ್ಟಿದ್ದ ಕಬ್ಬಿಣದ ಯಂತ್ರ ಮೂಲೆಯಲ್ಲಿತ್ತು. ತಲೆ ಎಲ್ಲಿತ್ತೋ, ನಲವತ್ತು ವರ್ಷದ ಕೈ ತನ್ನ ಪಾಡಿಗೆ ತಾನು ಐದೂ ಸಂಪುಟಗಳನ್ನು ಅದರೊಳಗೆ ಜೋಡಿಸಿ ಚಕ್ರ ತಿರುಗಿಸಿತು. ಬಿಗಿಯಾಗಲಿ ಎಂದು ಇನ್ನೊಂದು ಸುತ್ತು.

ಮರುದಿನ ಹುಡುಗಿ ಬಂದಳು. ಪರೀಕ್ಷೆಗೆ ಮೂರು ವಾರವಿತ್ತು. ಬೈಂಡರ್ ಹೆಮ್ಮೆಯಿಂದ ಮೊದಲ ಸಂಪುಟ ಬಿಚ್ಚಿ ಅವಳ ಮುಂದಿಟ್ಟ. ಅವಳ ಬೆರಳು ಸಾಲಿನುದ್ದಕ್ಕೂ ಹೋಯಿತು, ಹಿಂದೆ ಬಂತು, ಪುಟ ಮಗುಚಿತು, ಮತ್ತೆ ಹೋಯಿತು.

"ದೊಡ್ಡಮ್ಮ, ಇದು ಖಾಲಿ ಹಾಳೆ ಅಲ್ವಾ?"

ಟೀಚರಮ್ಮ ಎದ್ದು ಬಂದು ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಉಬ್ಬಿದ್ದ ಚುಕ್ಕಿಗಳೆಲ್ಲ ಯಂತ್ರದಡಿ ಚಪ್ಪಟೆಯಾಗಿವೆ ಎಂದು ಬೈಂಡರನಿಗೆ ಆಗ ಹೊಳೆಯಿತು.

"ಬೈದ್ಬಿಡಿ ಅಮ್ಮಾ" ಎಂದ.

"ಬೈದು ಏನ್ ಮಾಡ್ಲಿ?" ಎಂದರು ಅವರು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಅಂದಿನಿಂದ ಅವನು ಊಟಕ್ಕೂ ಏಳದೆ, ಪುಟಗಳ ಬೆನ್ನಿನಿಂದ ಒಂದೊಂದು ಗುರುತಿನಲ್ಲೂ ದಬ್ಬಳ ಒತ್ತತೊಡಗಿದ. ಸೋತ ಕಾಗದ ಉಬ್ಬದೆ ತೂತಾಗುತ್ತಿತ್ತು. ನಾಲ್ಕು ದಿನಕ್ಕೆ ಹನ್ನೊಂದು ಪುಟ. ಹುಡುಗಿ ಮುಟ್ಟಿ ನೋಡಿ, "ಚುಚ್ಚುತ್ತೆ ಅಂಕಲ್. ಅಕ್ಷರ ಗೊತ್ತಾಗಲ್ಲ. ಸಾಕು ಬಿಡಿ" ಎಂದಳು.

ಅವಳು ಆ ವರ್ಷ ಪರೀಕ್ಷೆಗೆ ಕೂರಲಿಲ್ಲ, ಮುಂದಿನ ವರ್ಷವೂ ಕೂರಲಿಲ್ಲ. ಟೀಚರಮ್ಮ ಹೊಸ ಕಾಗದ ತರಿಸಿ ಒಂದು ಸಾಲು ಒತ್ತಿದರು. ಮಣಿಕಟ್ಟು ಹಿಡಿದುಕೊಂಡು ಕಡ್ಡಿ ಕೆಳಗಿಟ್ಟರು. ಆಮೇಲೆ ಅವರು ಆ ಕಡೆ ಬರಲಿಲ್ಲ.

ಬೈಂಡರ್ ಮಾತ್ರ ಹೋಗುತ್ತಿದ್ದಾನೆ. ಬೇರೆಯವರ ಕೆಲಸಕ್ಕೆ ಕೈ ಹಾಕಲು ಅವನಿಗೇ ಧೈರ್ಯವಿಲ್ಲ. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಸಂಜೆಯಾದ ಮೇಲೆ ಎದ್ದು ಮನೆಗೆ ಬರುತ್ತಾನೆ. ಸಾರಿನ ಬಗ್ಗೆ ಈಗ ಏನೂ ಅನ್ನುವುದಿಲ್ಲ.