ಕಂತಿನ ಕ್ಯಾಲ್ಕುಲೇಟರ್

"ಈ ಚಿಕ್ಕದು ಬರೀ ಕೂಡೋದು, ಕಳೆಯೋದು ಮಾಡುತ್ತೆ. ಇನ್ನೂರ ಎಂಬತ್ತು ರೂಪಾಯಿ. ಇದು ಒಂಬೈನೂರು. ಆದ್ರೆ ಸಾಲದ ಕಂತು ಎಷ್ಟು ಅಂತ ತಾನೇ ಹೇಳ್ಬಿಡುತ್ತೆ ಸಾರ್," ಎಂದು ಅಂಗಡಿಯ ಲಕ್ಷ್ಮೀಪತಿ ಎರಡು ಕ್ಯಾಲ್ಕುಲೇಟರುಗಳನ್ನು ಗಾಜಿನ ಮೇಲೆ ಅಕ್ಕಪಕ್ಕ ಇಟ್ಟ.

ಏಕಾಂತಯ್ಯನವರ ಕೈ ನೇರವಾಗಿ ದೊಡ್ಡದರ ಕಡೆಗೇ ಹೋಯಿತು. ರಾಜಾಜಿನಗರದ ಗೃಹಸಾಲ ಸೊಸೈಟಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಕೌಂಟೆಂಟ್ ಆಗಿದ್ದವರು ಅವರು. ಕಂಪ್ಯೂಟರ್ ಇನ್ನೂ ಬಂದಿರದ ಆ ದಿನಗಳಲ್ಲಿ, ರಟ್ಟು ಕಿತ್ತುಹೋದ ಬಡ್ಡಿ ಕೋಷ್ಟಕದ ಪುಸ್ತಕ ನೋಡಿಕೊಂಡು ಕೈಯಲ್ಲೇ ಗುಣಿಸಿ ಕಂತು ಹೇಳುತ್ತಿದ್ದರು. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಈ ತಿಂಗಳ ಕೊನೆಗೆ ನಿವೃತ್ತಿ. ಹೋಗುವ ಮುಂಚೆ ಸೊಸೈಟಿಗೆ ಒಂದು ಒಳ್ಳೆಯ ಕ್ಯಾಲ್ಕುಲೇಟರ್ ಆರಿಸಿ ಕೊಡಿ, ನಿಮ್ಮ ಜಾಗಕ್ಕೆ ಯಾರಾಗಬಹುದು ಅಂತಲೂ ಬರೆದು ಕೊಡಿ ಎಂದು ಕಮಿಟಿಯವರು ಕೇಳಿದ್ದರು.

ಜೊತೆಗೆ ಬಂದಿದ್ದ ಕೋಕಿಲಾ ಮೂರು ವರ್ಷದಿಂದ ಅಲ್ಲಿ ಟೆಂಪರರಿ ಗುಮಾಸ್ತೆ. ಆ ಹರಕು ಪುಸ್ತಕದ ವಿದ್ಯೆಯನ್ನೆಲ್ಲ ಅವರಿಂದಲೇ ಕಲಿತವಳು. ಪೀಣ್ಯದಲ್ಲಿ ಗಂಡನ ಫ್ಯಾಕ್ಟರಿ ಲಾಕೌಟ್ ಆಗಿ ಐದು ತಿಂಗಳಾಗಿತ್ತು. ಲಗ್ಗೆರೆಯ ಬಾಡಿಗೆ ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲಿ.

"ಚಿಕ್ಕದೇ ಸಾಕು ಸಾರ್," ಎಂದಳು.

"ಯಾಕಮ್ಮಾ? ಒಂದೊಂದು ಕಂತಿಗೆ ಅರ್ಧ ಗಂಟೆ ಕೂತು ಗುಣಿಸ್ತೀಯ. ಇದಿದ್ರೆ ಐದೂವರೆ ಬಸ್ಸಿಗೆ ಮನೆಗೆ ಹೋಗ್ಬಹುದು."

"ಸೊಸೈಟಿ ದುಡ್ಡು ಉಳಿಯುತ್ತಲ್ಲ."

ಸೊಸೈಟಿಯ ದುಡ್ಡಿನಲ್ಲಿ ಎರಡನೇ ಕಾಫಿ ತರಿಸಲು ಯಾವತ್ತೂ ಹಿಂದೆ ಮುಂದೆ ನೋಡಿದವಳಲ್ಲ ಕೋಕಿಲಾ. ಏಕಾಂತಯ್ಯನವರು ಸುಮ್ಮನೆ ಅವಳ ಮುಖ ನೋಡಿದರು. ಅವಳು ದನಿ ತಗ್ಗಿಸಿದಳು.

"ಪ್ರೆಸಿಡೆಂಟು ನಿನ್ನೆ ಅಂತಾ ಇದ್ರು ಸಾರ್, ಮಿಷನ್ ಬಂದ್ಮೇಲೆ ಗುಂಡಿ ಒತ್ತೋಕೆ ಯಾರಾದ್ರೂ ಸಾಕು, ನಮ್ಮ ತಂಗಿ ಮಗ ಸುಮ್ನೆ ಕೂತಿದಾನೆ ಅಂತ. ಎಲ್ಲಾ ಇದೇ ಹೇಳೋದಾದ್ರೆ ನಾನ್ಯಾಕೆ ಬೇಕು?"

ಈ ಹುಡುಗಿಗೆ ಕಷ್ಟ ಕಡಿಮೆಯಾಗುತ್ತದೆಂದು ಏಕಾಂತಯ್ಯನವರು, ಪಾಪ, ಬೆಳಿಗ್ಗೆಯಿಂದ ಒಳಗೊಳಗೇ ಖುಷಿಪಡುತ್ತಿದ್ದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.

ವ್ಯಾಪಾರ ಕೈತಪ್ಪುತ್ತದೆಂದು ಲಕ್ಷ್ಮೀಪತಿಗೆ ಗಾಬರಿಯಾಯಿತು. "ನೋಡಿ ಮೇಡಂ, ಮಕ್ಕಳೂ ಮಾಡ್ಬಹುದು. ಇಪ್ಪತ್ತು ಸಾವಿರ ಸಾಲ. ಹನ್ನೆರಡು ಪರ್ಸೆಂಟು. ಹತ್ತು ವರ್ಷ." ಗುಂಡಿಗಳನ್ನು ಒತ್ತಿ ತಿರುಗಿಸಿ ತೋರಿಸಿದ. "ತಿಂಗಳ ಕಂತು, ಮೂರು ಸಾವಿರದ ಐನೂರ ಮೂವತ್ತೊಂಬತ್ತು ರೂಪಾಯಿ ಅರವತ್ತೆಂಟು ಪೈಸೆ."

ಕೋಕಿಲಾಗೆ ನಗು ತಡೆಯಲಾಗಲಿಲ್ಲ. "ಅಣ್ಣ, ತಿಂಗಳಿಗೆ ಅಷ್ಟು ಕಟ್ಟೋನು ಆರೇ ತಿಂಗಳಲ್ಲಿ ಸಾಲ ತೀರಿಸ್ತಾನೆ. ಅದು ವರ್ಷಕ್ಕೆ ಒಂದ್ಸಲ ಕಟ್ಟೋ ಲೆಕ್ಕ. ಕೊಡಿ ಇಲ್ಲಿ. ನಮ್ಮ ಜನ ಕಟ್ಟೋದು ತಿಂಗಳ ಸಂಬಳದಲ್ಲಿ. ಬಡ್ಡಿ ತಿಂಗಳಿಗೆ ಒಂದು ಪರ್ಸೆಂಟು, ಹತ್ತು ವರ್ಷಕ್ಕೆ ನೂರ ಇಪ್ಪತ್ತು ಕಂತು. ಇನ್ನೂರ ಎಂಬತ್ತೇಳರ ಹತ್ರ ಬರ್ಬೇಕು."

ಕೊನೆಯ ಗುಂಡಿ ಒತ್ತಿದಳು. ಇನ್ನೂರ ಎಂಬತ್ತಾರು ರೂಪಾಯಿ ತೊಂಬತ್ತನಾಲ್ಕು ಪೈಸೆ ಎಂದು ತೋರಿಸಿತು.

"ಒಂದು ವಾರದಿಂದ ಎಲ್ಲರಿಗೂ ಹಿಂಗೇ ತೋರಿಸ್ತಾ ಇದೀನಲ್ಲ ಮೇಡಂ," ಎಂದ ಲಕ್ಷ್ಮೀಪತಿ.

"ಯಾರೂ ತಪ್ಪು ಅನ್ನಲಿಲ್ವೇನಪ್ಪಾ?" ಎಂದು ಕೇಳಿದರು ಏಕಾಂತಯ್ಯನವರು.

"ಇಲ್ಲ ಸಾರ್. ಒಬ್ಬ ಲಾಯರು ತಗೊಂಡೂ ಹೋದ್ರು."

ಏಕಾಂತಯ್ಯನವರು ಅಂಗಡಿ ತುಂಬ ಕೇಳುವಂತೆ ನಕ್ಕರು. ಸ್ವಂತ ಮಗಳು ಪಾಸಾದ ದಿನವೂ ಅವರಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಪ್ರೆಸಿಡೆಂಟರ ತಂಗಿಯ ಮಗ ಹೀಗೇ ಒತ್ತಿ ಯಾವುದಾದರೂ ಸ್ಕೂಲ್ ಮೇಷ್ಟರಿಗೆ ಮೂರೂವರೆ ಸಾವಿರದ ಕಂತು ಹೇಳುವುದು ಕಣ್ಣಿಗೆ ಕಟ್ಟಿದಂತಾಯಿತು.

"ದೊಡ್ಡದನ್ನೇ ಕೊಡಪ್ಪ," ಎಂದರು.

ಕೋಕಿಲಾಳ ನಗು ಅಲ್ಲಿಗೇ ನಿಂತಿತು. ಕೈಯಲ್ಲಿದ್ದುದನ್ನು ಮೆಲ್ಲಗೆ ಗಾಜಿನ ಮೇಲಿಟ್ಟು ಬೀದಿಯ ಕಡೆ ತಿರುಗಿದಳು.

ಲಕ್ಷ್ಮೀಪತಿ ಡಬ್ಬದಿಂದ ಗ್ಯಾರಂಟಿ ಕಾರ್ಡು ತೆಗೆದ. "ಬಳಸೋರ ಹೆಸರು, ಹುದ್ದೆ ಎರಡೂ ಬೇಕು ಸಾರ್. ಏನಂತ ಬರೀಲಿ?"

"ಇಲ್ಲಿ ಕೊಡು." ಏಕಾಂತಯ್ಯನವರು ತಮ್ಮ ಇಂಕ್ ಪೆನ್ನು ಬಿಚ್ಚಿ, ಲೆಡ್ಜರಿನಲ್ಲಿ ಬರೆಯುವ ಅದೇ ಗುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದು ಅವಳ ಮುಂದೆ ಸರಿಸಿದರು. ಕೋಕಿಲಾ, ಅಕೌಂಟೆಂಟ್.

"ಸಾರ್, ನಾನು ಟೆಂಪರರಿ."

"ಎರಡು ವರ್ಷದ ಗ್ಯಾರಂಟಿ ಕಣಮ್ಮಾ. ಅಲ್ಲೀತನಕ ಇರೋರ ಹೆಸರೇ ಬರೀಬೇಕು. ನಾಳೆ ಕಮಿಟಿಗೂ ಇದನ್ನೇ ಬರೆದುಕೊಡ್ತೀನಿ."

ಶಾಯಿ ಇನ್ನೂ ಹಸಿಯಾಗಿತ್ತು. ಕೋಕಿಲಾ ಕಾರ್ಡನ್ನು ಅಂಚಿನಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮೆಲ್ಲಗೆ ಊದುತ್ತಾ ನಿಂತಳು.