ಸಂತೋಷಮ್ಮ ಓದಬೇಕಿದ್ದ ವಾಕ್ಯ

ತೊಂಬತ್ತೆಂಟರ ಆ ಮೇ ತಿಂಗಳಲ್ಲಿ ಕೃಪಾವತಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಹಗಲೆಲ್ಲ ಕಚೇರಿಯ ಫೈಲು. ಮಾರ್ಕೆಟ್ಟಿನಲ್ಲಿ ಬಸ್ಸಿಳಿದು ಚಾಮರಾಜಪೇಟೆಯ ಮನೆಗೆ ನಡೆದು ಬರುವಷ್ಟರಲ್ಲಿ ಕಾಲು ಸೋತಿರುತ್ತಿತ್ತು. ಸಾಲದ್ದಕ್ಕೆ ಚರ್ಚಿನ ಸ್ತ್ರೀಯರ ಸಂಘದ ಕಾರ್ಯದರ್ಶಿ ಪಟ್ಟ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಬರುವ ಭಾನುವಾರ ತಾಯಂದಿರ ದಿನದ ಆರಾಧನೆ. ಹಾಡು, ಪ್ರಾರ್ಥನೆ, ಬೈಬಲಿನ ವಾಕ್ಯ ಓದುವುದು ಎಲ್ಲ ಹೆಂಗಸರದೇ. ತಾಯಂದಿರಿಗಾಗಿ ಒಂದು ಗಳಿಗೆ ನಿಲ್ಲಿ ಎಂದು ಪ್ರಸಂಗ ಮಾಡಬೇಕಾದವಳೂ ಇವಳೇ. ದೇವರಿಗೂ ತಮಾಷೆ ಗೊತ್ತು.

ವಾಕ್ಯ ಓದುವ ಸರದಿ ಅವಳ ತಾಯಿ ಸಂತೋಷಮ್ಮನದು. ಯೇಸುಸ್ವಾಮಿ ಶಿಲುಬೆಯ ಮೇಲಿಂದ ತನ್ನ ತಾಯಿಯನ್ನು ಶಿಷ್ಯನ ಕೈಗೊಪ್ಪಿಸಿದ ಭಾಗ. ಎಪ್ಪತ್ತೆರಡರ ಆ ಮುದುಕಿ ಮಗಳ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ. ದಿನಾ ಸಂಜೆ ಹಿಂದೆ ಹಿಂದೆ ಬರುತ್ತಿದ್ದಳು.

“ಒಂದ್ಸಲ ಕೇಳ್ಬಿಡೆ, ಸರಿಯಾಗಿ ಹೇಳ್ತೀನಾ ಅಂತ.”

“ನಾಳೆ ಕೇಳ್ತೀನಮ್ಮ. ಇವತ್ತು ಸುಸ್ತಾಗಿದೆ.”

ಸುಳ್ಳಲ್ಲ, ಸುಸ್ತಾಗಿತ್ತು. ಶುಕ್ರವಾರ ಚರ್ಚಿನಲ್ಲಿ ಆರಾಧನೆಯ ಪಟ್ಟಿ ಬರೆಯುವಾಗ ಮಾತ್ರ ದಿಗಿಲಾಯಿತು. ಅಮ್ಮನ ಕಣ್ಣಿಗೆ ಪೊರೆ ಬಂದು ವರ್ಷವಾಗಿದೆ, ದಪ್ಪ ಅಕ್ಷರವೂ ಕಾಣದು. ಅಷ್ಟು ಜನರೆದುರು ತಡವರಿಸಿದರೆ? ಅಮ್ಮನ ಹೆಸರು ಹೊಡೆದು ಸಂಘದ ಖಜಾಂಚಿಯ ಹೆಸರು ಬರೆದಳು. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡಳು, ಹೇಳಲಿಲ್ಲ. ಹೇಳಿದರೆ ಕೂತು ಸಮಾಧಾನ ಮಾಡಬೇಕು. ಅದಕ್ಕೆ ಅವಳಲ್ಲಿ ಕಸುವಿರಲಿಲ್ಲ.

ಭಾನುವಾರ ವಾಕ್ಯದ ಹೊತ್ತಿಗೆ ಸಂತೋಷಮ್ಮ ಸೆರಗು ಸರಿಮಾಡಿಕೊಂಡು ಮೂರನೇ ಬೆಂಚಿನಿಂದ ಎದ್ದು ನಿಂತಳು. ಕೈಯಲ್ಲಿ ಪುಸ್ತಕವಿರಲಿಲ್ಲ. ಅಷ್ಟರಲ್ಲಿ ಖಜಾಂಚಿಯ ಹೆಸರು ಕರೆದರು. ಮುದುಕಿ ಅರೆಗಳಿಗೆ ಹಾಗೇ ನಿಂತಿದ್ದು, ಬೆಂಚು ತಡವಿ ಕೂತಳು.

ಕೃಪಾವತಿ ಎದುರಿನಿಂದಲೇ ಅದನ್ನು ನೋಡಿದಳು. ಆಮೇಲೆ ಎದ್ದು ಪ್ರಸಂಗವನ್ನೂ ಮಾಡಿದಳು. ಪ್ರಾಣ ಹೋಗುವ ಹೊತ್ತಿನಲ್ಲೂ ಸ್ವಾಮಿಗೆ ಹೆತ್ತವಳ ಕಡೆ ನೋಡುವಷ್ಟು ಬಿಡುವಿತ್ತು, ನಮಗಿಲ್ಲ ಎಂದಳು. ಚೆನ್ನಾಗಿ ಹೇಳಿದ್ರಿ ಎಂದು ಎಲ್ಲರೂ ಕೈಕುಲುಕಿದರು. ಅವಳಿಗೆ ತನ್ನ ಮೇಲೇ ಅಸಹ್ಯವಾಗಿತ್ತು.

ಇಬ್ಬರೂ ಮನೆಗೆ ಬಂದರೆ ಪಕ್ಕದ ಮನೆಯ ಶೈಲಜಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಹೇಗ್ ಹೇಳಿದ್ರು ನಿಮ್ಮಮ್ಮ? ಒಂದು ತಿಂಗ್ಳಿಂದ ಮಧ್ಯಾಹ್ನ ಕೂತು ನಾನು ಓದೋದು, ಅವರು ಬೆಳ್ಳುಳ್ಳಿ ಬಿಡಿಸ್ತಾ ಒಪ್ಪಿಸೋದು. ಒಂದಕ್ಷರ ತಪ್ಪಲ್ಲ. ನಂಗೂ ಬಾಯಿಪಾಠ ಆಗೋಗಿದೆ.”

ಕೃಪಾವತಿ ಬಾಯಿ ತೆರೆಯುವ ಮುಂಚೆಯೇ ಸಂತೋಷಮ್ಮ, “ಎಲ್ಲಾ ಚೆನ್ನಾಗಾಯ್ತು ಕಣ್ರೀ” ಎಂದು ಒಳಗೆ ನಡೆದಳು.

ಅಡುಗೆಮನೆಗೆ ಬಂದ ಕೃಪಾವತಿ ನೆಲದ ಮೇಲೆ ಕೂತಳು.

“ಅಮ್ಮ, ಹೆಸರು ತೆಗೆದಿದ್ದು ನಾನೇ.”

“ಗೊತ್ತಾಯ್ತು ಬಿಡು.” ಸಂತೋಷಮ್ಮ ಸಾರು ಬಿಸಿಗಿಟ್ಟಳು. ಸೌಟು ಆಡಿಸುತ್ತಾ ಮೆಲ್ಲಗೆ ಕೇಳಿದಳು. “ಕರೆಯೋಕ್ ಮುಂಚೆ ಎದ್ದು ನಿಂತ್ಬಿಟ್ಟೆನಲ್ಲ, ಜನ ನೋಡಿದ್ರಾ? ನಿಂಗೆ ಅವಮಾನ ಆಯ್ತೇನೆ?”

ಕೃಪಾವತಿಗೆ ಅಳು ತಡೆಯಲಾಗಲಿಲ್ಲ. ಎದ್ದು ಒಲೆ ಆರಿಸಿದಳು. ಅಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, “ಈಗ ಹೇಳಮ್ಮ” ಎಂದಳು.

ಸಂತೋಷಮ್ಮ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು, ಚರ್ಚಿನ ಕೊನೆಯ ಬೆಂಚಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.